ಮಸಾಯಿ ಮಾರಾದಲ್ಲಿ ‘ಇಕೋ ಲಾಡ್ಜ್’ ಬುಕ್ ಮಾಡುವ ಮೊದಲು ಇದನ್ನೊಮ್ಮೆ ಓದಿ

ಕೀನ್ಯಾದ ಮಸಾಯಿ ಮಾರಾಕ್ಕೆ ಹೋಗುವ ಪ್ಲಾನ್ ಇರುವವರಿಗಾಗಿ ಬರೆಯುತ್ತಿದ್ದೇನೆ. ಅದರಲ್ಲೂ ‘ನಾಲ್ಕು ಕಾಸು ಜಾಸ್ತಿ ಹೋದರೂ ಪರವಾಗಿಲ್ಲ, ಕಾಡಿಗೆ ತೊಂದರೆ ಕೊಡದ ಜಾಗದಲ್ಲಿ ಉಳಿಯೋಣ’ ಅನ್ನುವವರು ಓದಲೇಬೇಕು. ನಮಗೆ ಟೋಪಿ ಬಿದ್ದಿದ್ದು ಸರಿಯಾಗಿ ಆ ಜಾಗದಲ್ಲೇ. ಲಾಡ್ಜಿನ ಹೆಸರು ಹಾಕುತ್ತಿಲ್ಲ, ದುಡ್ಡಿನ ತಕರಾರು ಇನ್ನೂ ನಡೆಯುತ್ತಿದೆ.

ವೆಬ್‌ಸೈಟ್ ನೋಡಿದರೆ ಯಾರಾದರೂ ಮರುಳಾಗಬೇಕು. ಪೂರ್ತಿ ಸೋಲಾರ್, ಪ್ಲಾಸ್ಟಿಕ್ ಇಲ್ಲವೇ ಇಲ್ಲ, ‘ಕನ್ಸರ್ವೆನ್ಸಿ ಅನುಭವ’, ರಾತ್ರಿ ಸಫಾರಿ, ಅಲ್ಲಿನ ಸ್ಥಳೀಯ ಜನರಾದ ಮಸಾಯಿ ಕುಟುಂಬಗಳಿಗೆ ಆದಾಯ. ಬಿಲ್ಲಿನಲ್ಲಿ ಟೆಂಟಿನ ಬಾಡಿಗೆಯ ಕೆಳಗೆ ಇನ್ನೊಂದು ಸಾಲು: ಕನ್ಸರ್ವೇಶನ್ ಫೀ, ಒಬ್ಬೊಬ್ಬರಿಗೆ ಒಂದೊಂದು ರಾತ್ರಿಗೆ ನೂರು ಡಾಲರಿಗೂ ಮೇಲೆ. ಈ ಸಾಲು ಏನು ಅಂತ ಸ್ವಲ್ಪ ವಿವರವಾಗಿ ಹೇಳಲೇಬೇಕು, ಯಾಕಂದ್ರೆ ಮೋಸ ಇರುವುದು ಇಲ್ಲೇ.

ಮಾರಾ ಅಂತ ನಾವು ಒಂದೇ ಹೆಸರಲ್ಲಿ ಕರೆದರೂ ಅಲ್ಲಿ ಎರಡು ಬಗೆಯ ಜಾಗಗಳಿವೆ. ಒಂದು ರಿಸರ್ವ್. ಸುಮಾರು 1,500 ಚದರ ಕಿಲೋಮೀಟರ್ ಇದೆ, ನಾರೋಕ್ ಕೌಂಟಿ ಸರ್ಕಾರದ್ದು. ಅದಕ್ಕೆ ಅಂಟಿಕೊಂಡಂತೆ ಕನ್ಸರ್ವೆನ್ಸಿಗಳಿವೆ: ಮಾರಾ ನಾರ್ತ್, ಓಲಾರೆ ಮೊಟೊರೊಗಿ, ನಬೊಯಿಶೊ, ಹೀಗೆ. ಅಲ್ಲಿನ ಜಮೀನು ಮಸಾಯಿ ಕುಟುಂಬಗಳದ್ದು. ಕ್ಯಾಂಪ್‌ಗಳು, ಅಂದರೆ ಟೆಂಟ್ ಲಾಡ್ಜ್‌ಗಳು, ಅದನ್ನು ಗುತ್ತಿಗೆಗೆ ಪಡೆದು ಆ ಕುಟುಂಬಗಳಿಗೆ ಬಾಡಿಗೆ ಕೊಡುತ್ತವೆ. ಬದಲಿಗೆ ಅವರು ಅಲ್ಲಿ ಮನೆ ಕಟ್ಟುವುದಿಲ್ಲ, ಬೇಲಿ ಹಾಕುವುದಿಲ್ಲ, ದನ ಮೇಯಿಸುವುದಕ್ಕೂ ಕಟ್ಟುಪಾಡು ಇರುತ್ತದೆ. ಎಷ್ಟು ಟೆಂಟ್ ಹಾಕಬಹುದು ಅನ್ನುವುದಕ್ಕೂ ಮಿತಿ ಇದೆ. ಓಲಾರೆ ಮೊಟೊರೊಗಿಯಲ್ಲಿ 700 ಎಕರೆಗೆ ಒಂದು ಟೆಂಟ್ ಅನ್ನೋದು ಲೆಕ್ಕ. ನಾವು ಕೊಡುವ ಫೀ ಈ ವ್ಯವಸ್ಥೆ ನಡೆಯಲಿಕ್ಕೆ. ಹಾಗಾಗಿ ಅದನ್ನು ಕೊಡಲು ನನಗೆ ಬೇಜಾರೇ ಇರಲಿಲ್ಲ. ನಿಜ ಹೇಳಬೇಕೆಂದರೆ ಆ ಸಾಲು ನೋಡಿಯೇ ಆ ಲಾಡ್ಜ್ ಆರಿಸಿದ್ದು.

ಮೊದಲ ಸಂಜೆ ‘ರಾತ್ರಿ ಸಫಾರಿ ಎಷ್ಟು ಗಂಟೆಗೆ?’ ಅಂತ ನಮ್ಮ ಯಜಮಾನರು ಕೇಳಿದರು. ಮ್ಯಾನೇಜರ್ ನಗುನಗುತ್ತಾ ‘ಈ ಸೀಸನ್‌ನಲ್ಲಿ ಇಲ್ಲ ಸರ್’ ಅಂದರು. ಸೀಸನ್‌ಗೂ ಇದಕ್ಕೂ ಏನು ಸಂಬಂಧ? ಮಾರನೇ ಬೆಳಿಗ್ಗೆ ರಿಸರ್ವ್ ಗೇಟಿನಲ್ಲಿ ತಲೆಗೆ 200 ಡಾಲರ್ ಕೊಟ್ಟು ಟಿಕೆಟ್ ಮಾಡಿಸಬೇಕಾಯಿತು. 2024ರಿಂದ ಜುಲೈನಿಂದ ಡಿಸೆಂಬರ್‌ವರೆಗೆ ವಿದೇಶದ ದೊಡ್ಡವರಿಗೆ ದಿನದ ರೇಟು ಅದೇ. ಹೊರಗೆ ಉಳಿದುಕೊಂಡವರು ಸಂಜೆ 6ಕ್ಕೆ ವಾಪಸ್ ಹೊರಗೆ ಬಂದುಬಿಡಬೇಕು. ರಿಸರ್ವ್ ಒಳಗೆ ರಾತ್ರಿ ಸಫಾರಿಯೂ ಇಲ್ಲ, ನಡೆದು ಸುತ್ತುವುದೂ ಇಲ್ಲ. ಅವೆರಡೂ ಸಿಗುವುದು ಕನ್ಸರ್ವೆನ್ಸಿಗಳಲ್ಲಿ. ಅಂದಮೇಲೆ ನಾವು ಇರುವುದು ಎಲ್ಲಿ? ದಾರಿಯಲ್ಲಿ ಗೈಡ್ ಹತ್ತಿರ ಮೆಲ್ಲಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ‘ನಮ್ಮ ಲಾಡ್ಜ್ ಯಾವ ಕನ್ಸರ್ವೆನ್ಸಿಗೂ ಸೇರಿಲ್ಲ ಮಾಮಾ, ಗೇಟಿನ ಹತ್ತಿರದ ಖಾಸಗಿ ಜಾಗ’ ಅಂದರು. ಅಲ್ಲಿ ಹೆಂಗಸರನ್ನು ಗೌರವದಿಂದ ಕರೆಯುವುದು ಹಾಗೇ. ನಾವು ಕಟ್ಟಿದ ಫೀ ಎಲ್ಲಿಗೆ ಹೋಗುತ್ತದೆ ಅಂದಿದ್ದಕ್ಕೆ ಆ ಮನುಷ್ಯ ಬೈನಾಕ್ಯುಲರ್ ತೆಗೆದು ಜೀಬ್ರಾ ತೋರಿಸಿದರು. ಪಾಪ, ಕೆಲಸ ಮಾಡುವವರ ಹೊಟ್ಟೆ ಮೇಲೆ ಹೊಡೆಯಬಾರದು ಅಂತ ನಾನೂ ಅಲ್ಲಿಗೇ ಬಿಟ್ಟೆ.

ಅಲ್ಲಿಂದ ಮುಂದೆ ನಮ್ಮ ಕಣ್ಣೆಲ್ಲ ಲಾಡ್ಜಿನ ಹಿಂಬದಿಯ ಮೇಲೆ. ಟೆಂಟಿನಲ್ಲಿ ಮೇಜಿನ ಮೇಲೆ ಗಾಜಿನ ಬಾಟಲಿ, ಕುತ್ತಿಗೆಗೆ ಸೆಣಬಿನ ದಾರ, ಅದಕ್ಕೊಂದು ಚೀಟಿ: ‘ಪ್ಲಾಸ್ಟಿಕ್‌ಗೆ ವಿದಾಯ’. ಅಡುಗೆಮನೆ ಹಿಂದೆ ಹೋಗಿ ನೋಡಿದರೆ ಒಬ್ಬ ಹುಡುಗ ಸ್ಟೂಲ್ ಮೇಲೆ ಕೂತು ಅರ್ಧ ಲೀಟರಿನ ಪ್ಲಾಸ್ಟಿಕ್ ಬಾಟಲಿಗಳ ಮುಚ್ಚಳ ಒಂದೊಂದಾಗಿ ತಿರುವುತ್ತಿದ್ದಾನೆ. ನೀರನ್ನು ಆಲಿಕೆಯಲ್ಲಿ ಈ ಗಾಜಿನ ಬಾಟಲಿಗಳಿಗೆ ಬಗ್ಗಿಸುತ್ತಿದ್ದಾನೆ. ಫಿಲ್ಟರ್ ಕೆಟ್ಟಿದೆಯಂತೆ. ಖಾಲಿ ಬಾಟಲಿಗಳು ಹೋಗುತ್ತಿದ್ದದ್ದು ಅಲ್ಲೇ ಹತ್ತು ಹೆಜ್ಜೆ ದೂರದ ಗುಂಡಿಗೆ. ಗುಂಡಿಯಲ್ಲಿ ಊಟದ ಎಂಜಲು, ಟಿನ್ನು, ಅರ್ಧ ಸುಟ್ಟ ಕವರುಗಳು. ಸುತ್ತ ಮಾರಬೂ ಕೊಕ್ಕರೆಗಳು. ಬೋಳು ತಲೆಯ, ಆಳೆತ್ತರಕ್ಕೆ ಹತ್ತಿರದ ಆ ಹಕ್ಕಿ ನೋಡಿಲ್ಲದವರು ಒಮ್ಮೆ ಹುಡುಕಿ ನೋಡಿ. ಒಂದಂತೂ ಪ್ಲಾಸ್ಟಿಕ್ ಸಮೇತ ಮಾಂಸದ ತುಂಡು ನುಂಗಲು ಒದ್ದಾಡುತ್ತಿತ್ತು. ರಾತ್ರಿ ಕತ್ತೆಕಿರುಬಗಳ ಕೂಗು ಅಷ್ಟು ಹತ್ತಿರದಿಂದ ಯಾಕೆ ಬರುತ್ತದೆ ಅಂತ ಆಗ ಗೊತ್ತಾಯಿತು. ಲಾಡ್ಜಿನವರು ಅದನ್ನೂ ‘ಕಾಡಿನ ಸಂಗೀತ’ ಅಂತ ಹೇಳಿಕೊಳ್ಳುತ್ತಿದ್ದರು!

2017ರ ಆಗಸ್ಟ್‌ನಿಂದ ಕೀನ್ಯಾದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. 2020ರ ಜೂನ್ 5ರಿಂದ ಸಂರಕ್ಷಿತ ಪ್ರದೇಶಗಳ ಒಳಗೆ ಒಮ್ಮೆ ಬಳಸಿ ಎಸೆಯುವ ಬಾಟಲಿ, ಲೋಟ, ಚಮಚ, ಸ್ಟ್ರಾ ಯಾವುದೂ ಒಯ್ಯುವ ಹಾಗಿಲ್ಲ. ನಮಗೆ ಕಟ್ಟಿಕೊಟ್ಟ ಬುತ್ತಿಯಲ್ಲಿ ಪ್ಲಾಸ್ಟಿಕ್ ಚಮಚ, ಜ್ಯೂಸ್ ಬಾಟಲಿ ಎರಡೂ ಇದ್ದವು.

ಸೋಲಾರ್ ಫಲಕಗಳು ಇದ್ದವು, ಸುಳ್ಳು ಹೇಳಬಾರದು. ಬರುವವರಿಗೆ ಕಾಣುವ ಹಾಗೆ ರಿಸೆಪ್ಶನ್ ಎದುರಿಗೇ ಇದ್ದವು. ಕತ್ತಲಾದ ಮೇಲೆ ಮಾತ್ರ ಡೀಸೆಲ್ ಜನರೇಟರ್ ಶುರು. ಸ್ನಾನದ ಬಿಸಿನೀರು ಟೆಂಟಿನ ಹಿಂದೆ ಸೌದೆ ಉರಿಸಿ ಕಾಯಿಸಿದ್ದು. ಸೌದೆ ಎಲ್ಲಿಂದ ಅಂದರೆ ‘ಹೊರಗಡೆಯಿಂದ’. ಪ್ರತಿ ಟೆಂಟಿಗೂ ಒಂದು ಪುಟ್ಟ ಈಜುಕೊಳ, ಎಲ್ಲದಕ್ಕೂ ಬೋರ್‌ವೆಲ್ ನೀರು. ಇಷ್ಟಾದ ಮೇಲೆ ಬಾತ್‌ರೂಮಿನಲ್ಲಿ ಚೀಟಿ ಬೇರೆ: ‘ಟವೆಲ್ ಮರುಬಳಕೆ ಮಾಡಿ, ಭೂಮಿ ಉಳಿಸಿ’. ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ ಅಲ್ವಾ?

ಸಫಾರಿಯೂ ಅಷ್ಟೇ. ಒಂದು ಪ್ರಾಣಿಯ ಹತ್ತಿರ ಐದಕ್ಕಿಂತ ಜಾಸ್ತಿ ಗಾಡಿ ನಿಲ್ಲಬಾರದು ಅನ್ನುವ ನಿಯಮ ಅಲ್ಲಿದೆ. ಮರಿಗಳ ಜೊತೆಗಿದ್ದ ಒಂದು ಚೀತಾವನ್ನು ಗಾಡಿಗಳು ಮದುವೆ ಮನೆ ಮುಂದೆ ನಿಂತ ಹಾಗೆ ಸುತ್ತುವರಿದಿದ್ದವು. ನಮ್ಮದು ದಾರಿ ಬಿಟ್ಟು ಹುಲ್ಲಿಗಿಳಿದು ಅದರಲ್ಲಿ ಸೇರಿಕೊಂಡಿತು. ಬೇಡ ಅಂದರೂ ‘ಫೋಟೋ, ಫೋಟೋ’ ಅಂತ ಡ್ರೈವರ್‌ಗೆ ಉತ್ಸಾಹ. ಇದು ಸಣ್ಣ ವಿಷಯ ಅಲ್ಲ. 2018ರಲ್ಲಿ ಪ್ರಕಟವಾದ ಮಾರಾದ ಅಧ್ಯಯನವೊಂದರಲ್ಲಿ, ಪ್ರವಾಸಿಗರು ಕಡಿಮೆ ಇರುವ ಕಡೆ ತಾಯಿ ಚೀತಾ ಸರಾಸರಿ 2.3 ಮರಿಗಳನ್ನು ದೊಡ್ಡದು ಮಾಡಿದರೆ, ಪ್ರವಾಸಿಗರು ಜಾಸ್ತಿ ಇರುವ ಕಡೆ ಬರೀ 0.2 ಅಂತ ಲೆಕ್ಕ ಸಿಕ್ಕಿತ್ತು.

ಹಾಗಂತ ಎಲ್ಲರೂ ಕಳ್ಳರಲ್ಲ. ಕೀನ್ಯಾದಲ್ಲೇ ಇರುವ ಲೈಕಿಪಿಯಾ ಪ್ರದೇಶದ ಇಲ್ ಎನ್ಗ್ವೆಸಿ ಲಾಡ್ಜ್ ಅಲ್ಲಿನ ಮಸಾಯಿ ಸಮುದಾಯದ್ದೇ ಸ್ವಂತ. ಆ ಸಮುದಾಯದ ಕೆಲಸಕ್ಕೆ 2002ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿಯೂ ಬಂದಿದೆ. ಇಕೋಟೂರಿಸಂ ಕೀನ್ಯಾ ಅನ್ನುವ ಸಂಸ್ಥೆ ಲಾಡ್ಜ್‌ಗಳನ್ನು ಪರೀಕ್ಷಿಸಿ ಕಂಚು, ಬೆಳ್ಳಿ, ಚಿನ್ನ ಅಂತ ದರ್ಜೆ ಕೊಡುತ್ತದೆ. ನಮ್ಮ ಲಾಡ್ಜಿನ ಬೋರ್ಡಿನಲ್ಲೂ ಒಂದು ಹಸಿರು ಎಲೆಯ ಮುದ್ರೆ ಇತ್ತು. ಕೆಳಗೆ ಕೊಟ್ಟವರ ಹೆಸರೇ ಇಲ್ಲ, ಅವರೇ ಡಿಸೈನ್ ಮಾಡಿಸಿಕೊಂಡಿದ್ದು. ಮುದ್ರೆ ಕಂಡರೆ ಕೊಟ್ಟವರು ಯಾರು, ಅವಧಿ ಮುಗಿದಿದೆಯಾ ಅಂತ ಕೇಳಿ. ಮುಖ್ಯವಾಗಿ, ‘ನೀವು ಯಾವ ಕನ್ಸರ್ವೆನ್ಸಿಯ ಸದಸ್ಯರು?’ ಅಂತ ಮೇಲ್‌ನಲ್ಲೇ ಕೇಳಿ, ಉತ್ತರ ಬಂದ ಮೇಲೆ ಆ ಕನ್ಸರ್ವೆನ್ಸಿಗೂ ಒಂದು ಮೇಲ್ ಹಾಕಿ ಕ್ಯಾಂಪಿನ ಹೆಸರು ತಾಳೆ ನೋಡಿ. ಫೀಗೆ ಬೇರೆ ರಸೀದಿ ಕೊಡುತ್ತೀರಾ, ಕಸ ಎಲ್ಲಿಗೆ ಹೋಗುತ್ತದೆ, ಬಿಸಿನೀರು ಯಾವುದರಿಂದ ಅಂತಲೂ ಕೇಳಿ. ಒಳ್ಳೆಯ ಕ್ಯಾಂಪಿನವರು ಇದಕ್ಕೆ ಖುಷಿಯಿಂದ ಉದ್ದುದ್ದ ಉತ್ತರ ಬರೆಯುತ್ತಾರೆ. ಹಾರಿಕೆ ಉತ್ತರ ಬಂದರೆ ಮುಂದೆ ನಡೆಯಿರಿ.

ಊರಿಗೆ ಬಂದ ಮೇಲೆ ಫೀ ಯಾರಿಗೆ ಹೋಯಿತು ಅಂತ ಬರೆದು ಕೇಳಿದೆ. ಶಾಲಾ ಮಕ್ಕಳ ಒಂದು ಫೋಟೋ ಕಳಿಸಿದರು. ರಸೀದಿ ಬೇಕು ಅಂದೆ. ಮುಂದಿನ ಬುಕಿಂಗ್‌ಗೆ ಡಿಸ್ಕೌಂಟ್ ಕೊಡುತ್ತೇವೆ ಅಂದರು. ಈಗ ಕಾರ್ಡ್ ಕೊಟ್ಟ ಬ್ಯಾಂಕಿಗೆ ದೂರು ಹೋಗಿದೆ. ನಾನು ಮೇಲ್ ಹಾಕಿದ ಕೆಲವೇ ದಿನಕ್ಕೆ ಅವರ ವೆಬ್‌ಸೈಟಿನಿಂದ ‘ಕನ್ಸರ್ವೆನ್ಸಿ’ ಅನ್ನೋದು ಮಾಯವಾಯಿತು, ರಾತ್ರಿ ಸಫಾರಿ ಮಾತ್ರ ಇನ್ನೂ ಹಾಗೇ ಇದೆ. ಬುಕ್ ಮಾಡುವಾಗ ಯಜಮಾನರು ಸುಮ್ನೆ ತೆಗೆದಿಟ್ಟಿದ್ದ ಸ್ಕ್ರೀನ್‌ಶಾಟ್‌ಗಳೇ ಈಗ ಬ್ಯಾಂಕಿಗೆ ಕೊಟ್ಟಿರುವ ಸಾಕ್ಷಿ. ದುಡ್ಡು ಕಟ್ಟುವ ಮೊದಲು ನೀವೂ ಎಲ್ಲ ಪುಟಗಳನ್ನೂ ತಾರೀಖು ಕಾಣುವ ಹಾಗೆ ತೆಗೆದಿಟ್ಟುಕೊಳ್ಳಿ.