ಸಭಿಕರ ನಡುವೆ ಮೈಕ್: ಯಾವ ಸ್ಟ್ಯಾಂಡ್ ಒಳ್ಳೆಯದು?

ಮುಂಬೈಯ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲೋ ಮಾಹಿಮ್‌ನ ಕರ್ನಾಟಕ ಸಂಘದಲ್ಲೋ ಸಂಗೀತ ಕಾರ್ಯಕ್ರಮ ಇದೆ, ಕಲಾವಿದರೂ ಸಂಘಟಕರೂ ರೆಕಾರ್ಡಿಂಗ್‌ಗೆ ಒಪ್ಪಿದ್ದಾರೆ ಅಂದುಕೊಳ್ಳಿ. ಆಮೇಲೆ ಎಲ್ಲರೂ ಕೇಳುವುದು ಯಾವ ಮೈಕ್ ತರಲಿ ಅಂತ. ನನಗೆ ಅದಕ್ಕಿಂತ ಎತ್ತರ ಮುಖ್ಯ. ಕುರ್ಚಿಯಲ್ಲಿ ಕೂತವರ ತಲೆ ಸುಮಾರು 4 ಅಡಿಗೆ ಬರುತ್ತದೆ. ಮೈಕ್ ಅಷ್ಟೇ ಎತ್ತರದಲ್ಲಿದ್ದರೆ ಮುಂದಿನ ಸಾಲಿನ ತಲೆಗಳು ಧ್ವನಿಯ ಹೊಳಪನ್ನು ತಡೆಯುತ್ತವೆ. ಪಕ್ಕದವರ ಕೆಮ್ಮು ಮಾತ್ರ ಸ್ಪಷ್ಟವಾಗಿ ಸಿಗುತ್ತದೆ.

ನಾನು ಬಳಸಿ ನೋಡಿದ್ದು ಮೂರು ಬಗೆ.

ಬೂಮ್ (ಅಡ್ಡ ಚಾಚುವ ತೋಳು) ಇರುವ ಮಾಮೂಲಿ ಮೈಕ್ ಸ್ಟ್ಯಾಂಡ್ ಸಭಾಂಗಣಕ್ಕೆ ಸಾಲದು. ಬೂಮನ್ನು ನೇರ ಮೇಲಕ್ಕೆತ್ತಿದರೆ ತಲೆಗಳನ್ನು ದಾಟುತ್ತದೆ ನಿಜ, ಆದರೆ ಎರಡು ಮೈಕ್‌ಗಳ ಭಾರಕ್ಕೆ ತೂಗಾಡುತ್ತದೆ. ಕಾಲುಗಳೂ ಓಡಾಡುವ ದಾರಿಗೆ ಚಾಚುತ್ತವೆ. ಮನೆಯ ಬೈಠಕ್‌ಗೆ ಮಾತ್ರ ಇದೇ ಸರಿ. ಎಲ್ಲರೂ ಜಮಖಾನದ ಮೇಲೆ ಕೂತಿರುವಾಗ 5 ಅಡಿ ಧಾರಾಳ ಸಾಕು.

ಫೋಟೋದವರ ಲೈಟ್ ಸ್ಟ್ಯಾಂಡ್ ನನ್ನ ಆಯ್ಕೆ. 8–9 ಅಡಿ ಏರುತ್ತದೆ. ಹಗುರ, ಮಡಚಿದರೆ ಲೋಕಲ್ ಟ್ರೇನಿನಲ್ಲೂ ಹಿಡಿದುಕೊಂಡು ಹೋಗಬಹುದು. ಹಗುರ ಅನ್ನುವುದೇ ಅದರ ಅಪಾಯ ಕೂಡ. ಕಾಲುಗಳ ಮೇಲೆ ಮರಳಿನ ಚೀಲ ಇಡದೆ ಜನರ ನಡುವೆ ನಿಲ್ಲಿಸಲೇಬಾರದು, ಬಿದ್ದರೆ ಯಾರದೋ ತಲೆ ಅಲ್ವಾ? ಗೋಡೆಯ ಪಕ್ಕ ಅಥವಾ ಸೌಂಡ್‌ನವರ ಮೇಜಿನ ಹಿಂದೆ ಜಾಗ ಕೇಳಿ. ಕೇಬಲನ್ನು ಕಂಬಕ್ಕೆ ಸುತ್ತಿ ಕೆಳಗೆ ಟೇಪ್ ಹಾಕಿ. ಮೇಲೆ ಅಡ್ಡಪಟ್ಟಿ ಕೂರಿಸಿ ಎರಡು ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ) ಮೈಕ್‌ಗಳನ್ನು 17 ಸೆಂ.ಮೀ. ಅಂತರದಲ್ಲಿ, 110 ಡಿಗ್ರಿ ಕೋನದಲ್ಲಿ ಇಟ್ಟರೆ ಓಆರ್‌ಟಿಎಫ್ ಅನ್ನುವ ಸ್ಟೀರಿಯೋ ಜೋಡಿ ಸಿದ್ಧ. ತಂಬೂರ ಎಲ್ಲಿ, ತಬಲಾ ಎಲ್ಲಿ ಅಂತ ಹೆಡ್‌ಫೋನ್‌ನಲ್ಲಿ ಚೆನ್ನಾಗಿ ಗೊತ್ತಾಗುತ್ತದೆ. ಫ್ಯಾನ್ ತಿರುಗುವ ಹಾಲ್‌ನಲ್ಲಿ ಪೂರ್ತಿ ಎತ್ತಬೇಡಿ, 7 ಅಡಿಗೆ ನಿಲ್ಲಿಸಿ, ಗಾಳಿಯ ಸದ್ದು ತಡೆಯಲು ಮೈಕ್‌ಗೆ ಫೋಮ್ ಹಾಕಿ.

ಬಾಲ್ಕನಿ ಕಟಕಟೆಗೆ ಬಿಗಿಯುವ ಕ್ಲಾಂಪ್ ನೋಡಲು ಬಲು ಅನುಕೂಲ. ಯಾರ ಕಾಲಿಗೂ ಸಿಗುವುದಿಲ್ಲ. ಆದರೆ ಯಾರಾದರೂ ಕಟಕಟೆಗೆ ಕೈಯೂರಿದರೂ ಧಡ್ ಅನ್ನುವ ಸದ್ದು ಬರುತ್ತದೆ. 80 ಹರ್ಟ್ಸ್ ಲೋ ಕಟ್ (ಅದಕ್ಕಿಂತ ಕೆಳಗಿನ ಸದ್ದನ್ನು ತಗ್ಗಿಸುವ ಫಿಲ್ಟರ್) ಹಾಕಿದರೆ ಅದು ಕಡಿಮೆಯಾಗುತ್ತದೆ, ಜೊತೆಗೆ ತಬಲಾ ಜೋಡಿಯ ಡಗ್ಗಾದ ಗುಂಕಾರವೂ ಸೊರಗುತ್ತದೆ. ಅದು ನನಗೆ ಸಹಿಸದು. ಅದುರು ಮೈಕ್‌ಗೆ ತಲುಪದಂತೆ ತಡೆಯುವ ರಬ್ಬರಿನ ಶಾಕ್ ಮೌಂಟ್ ಹಾಕುವುದು ಮೇಲು. ಬಾಲ್ಕನಿ ವೇದಿಕೆಯಿಂದ ದೂರ, ಆ ಸಮಸ್ಯೆ ಶಾಕ್ ಮೌಂಟ್‌ನಿಂದಲೂ ಹೋಗುವುದಿಲ್ಲ. ಅಂತರ ಎರಡರಷ್ಟಾದರೆ ನೇರ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ, ಹಾಲ್‌ನ ಪ್ರತಿಧ್ವನಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಿಂದೂಸ್ತಾನಿ ಗಾಯನದ ಖಯಾಲ್‌ಗೆ ಇದು ಬೇಡ. ಯಕ್ಷಗಾನಕ್ಕಾದರೆ ಪರವಾಗಿಲ್ಲ, ಚಂಡೆಗೆ ಸ್ವಲ್ಪ ದೂರವೇ ಚೆಂದ.

ಲೈಟ್ ಸ್ಟ್ಯಾಂಡಿನ ತುದಿಯಲ್ಲಿ ಸಾಮಾನ್ಯವಾಗಿ ಕಾಲಿಂಚಿನ ಸ್ಕ್ರೂ ಥ್ರೆಡ್ ಇರುತ್ತದೆ, ಮೈಕ್ ಹೋಲ್ಡರ್‌ಗೆ 3/8 ಅಥವಾ 5/8 ಇಂಚು ಬೇಕು. ನಡುವಿನ ಅಡಾಪ್ಟರ್ ಕೊಳ್ಳುವಾಗ ಹಿತ್ತಾಳೆಯದನ್ನೇ ಕೇಳಿ, ನಿಮ್ಮ ಹೋಲ್ಡರ್ ಜೊತೆಗೊಯ್ದು ಅಂಗಡಿಯಲ್ಲೇ ತಿರುಗಿಸಿ ನೋಡಿ.