ಹಿಂದಿನ ಲೈಟ್ ಕೈಕೊಟ್ಟರೆ ವೈರಿಂಗ್ ಬದಲಿಸಲು ಒಪ್ಪಬೇಡಿ, ಮೊದಲು ಅರ್ತ್ ನೋಡಿ

ನಾನು ಕಾಸರಗೋಡಿನ ಬದಿಯಡ್ಕದವನು. ಹಳೆ ಟಾಟಾ 407ರಲ್ಲಿ ಮುರಕಲ್ಲು ಸಾಗಿಸುತ್ತೇನೆ. ಹೋದ ತಿಂಗಳು 8,500 ರೂಪಾಯಿ ಸುಮ್ನೆ ಕಳೆದುಕೊಂಡೆ. ಇನ್ನೂ ಹೊಟ್ಟೆ ಉರಿಯುತ್ತಿದೆ.

ಕಂಪ್ಲೇಂಟ್ ಇಷ್ಟೇ. ರಾತ್ರಿ ಪಾರ್ಕಿಂಗ್ ಲೈಟ್ ಹಾಕಿ ಬ್ರೇಕ್ ಒತ್ತಿದರೆ ಬಲಗಡೆಯ ಹಿಂದಿನ ಲೈಟ್ ಜೋರಾಗುವ ಬದಲು ಮಂಕಾಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಕೆಂಪು ಲೈಟೂ ಅದರ ಜೊತೆ ಮಿಣುಕುತ್ತಿತ್ತು. ಉಪ್ಪಳದ ಹತ್ತಿರ ಹಿಂದಿನ ಕಾರು ಕೂದಲೆಳೆಯಲ್ಲಿ ತಪ್ಪಿತು. ಹೆದರಿ ಮರುದಿನವೇ ಹೆದ್ದಾರಿ ಬದಿಯ ಒಂದು ಇಲೆಕ್ಟ್ರಿಕ್ ಅಂಗಡಿಗೆ ಹೋದೆ.

ಅವನು ಕರೆಂಟ್ ಬರುತ್ತದಾ ಅಂತ ನೋಡುವ ಟೆಸ್ಟ್ ಲ್ಯಾಂಪ್ ಕೂಡ ಕೈಗೆ ತೆಗೆದುಕೊಳ್ಳಲಿಲ್ಲ. ಬಗ್ಗಿ ನೋಡಿದ, ಎದ್ದ. "ಹಳೆ ಗಾಡಿ ಅಲ್ವಾ, ವೈರ್ ಎಲ್ಲ ಒಳಗೆ ಸುಟ್ಟಿದೆ. ಪೂರ್ತಿ ಬದಲಿಸಬೇಕು." ನಾನು ಒಪ್ಪಿದೆ. ಯಾಕೆ ಒಪ್ಪಿದೆ ಅಂತ ಈಗಲೂ ನಾಚಿಕೆಯಾಗುತ್ತದೆ. ಇಂಡಿಕೇಟರ್ ಮಿಣುಕಿಸುವ ಫ್ಲ್ಯಾಷರ್ ಕೂಡ ಬದಲಿಸಿದ. ಸಂಜೆ ಲೈಟ್ ಸರಿಯಾಗಿತ್ತು, ದುಡ್ಡು ಕೊಟ್ಟು ಬಂದೆ.

ಮೂರು ದಿನ. ಒಂದು ಮಳೆ. ಮತ್ತೆ ಅದೇ! ಫೋನ್ ಮಾಡಿದರೆ "ಅದು ಬೇರೆ ಕಂಪ್ಲೇಂಟ್" ಅಂದ. ಅದೇ ಲೈಟು, ಅದೇ ಬಲಗಡೆ, ಬೇರೆ ಕಂಪ್ಲೇಂಟ್ ಹೇಗೆ? "ನೀವು ಹೋಗುವಾಗ ಸರಿ ಇತ್ತಲ್ಲ." ಮತ್ತೆ ಫೋನ್ ಎತ್ತಲಿಲ್ಲ.

ನಮ್ಮ ಪಕ್ಕದ ಮನೆಯ ಹಳೆ ಡ್ರೈವರ್ ಒಬ್ಬರು ಬಂದರು. ಉದ್ದದ ಒಂದು ವೈರ್ ತೆಗೆದು, ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಲೈಟಿನಿಂದ ಕರೆಂಟ್ ವಾಪಸ್ ಹೋಗುವ ವೈರಾದ ಅರ್ತ್‌ಗೆ ಮುಟ್ಟಿಸಿದರು. ಬ್ರೇಕ್ ಒತ್ತು ಅಂದರು. ಲೈಟ್ ಝಗ್ಗನೆ ಉರಿಯಿತು. ಎರಡೇ ನಿಮಿಷ.

ಆಮೇಲೆ ಗಾಡಿಯ ಕಬ್ಬಿಣದ ಚೌಕಟ್ಟಾದ ಚಾಸಿಯ ಕೆಳಗೆ ಟಾರ್ಚ್ ಹಾಕಿ ನೋಡಿದೆ. ಅಲ್ಲಿ ನನಗೆ ನಿಜವಾಗಿ ಸಿಟ್ಟು ಬಂತು. ಹೊಸ ಅರ್ತ್ ವೈರಿನ ತುದಿಯಲ್ಲಿ ಬೋಲ್ಟಿಗೆ ಸಿಕ್ಕಿಸುವ ಹಳದಿ ಲಗ್ ಹೊಳೆಯುತ್ತಿದೆ, ಅದನ್ನು ಬಿಗಿದದ್ದು ಅದೇ ಹಳೆ ಬೋಲ್ಟಿಗೆ, ಹೊಪ್ಪಳೆ ಎದ್ದ ತುಕ್ಕಿನ ಮೇಲೆಯೇ! ಬಿಚ್ಚಿ ಬಿಗಿಯುವಾಗ ಸ್ವಲ್ಪ ಉಜ್ಜಿದ್ದಕ್ಕೆ ಮೂರು ದಿನ ಉರಿದಿತ್ತು, ಅಷ್ಟೇ. ಬಲ್ಬಿಗೆ ಬಂದ ಕರೆಂಟ್ ವಾಪಸ್ ಹೋಗುವುದು ಚಾಸಿ ಮೂಲಕ. ಅಲ್ಲಿ ತುಕ್ಕು ಕಟ್ಟಿದರೆ ಆ ಕರೆಂಟ್ ಪಕ್ಕದ ಬಲ್ಬಿನ ಮೂಲಕ ನುಗ್ಗುತ್ತದೆ. ಮಿಣುಕುವುದು, ಮಂಕಾಗುವುದು ಎಲ್ಲ ಅದಕ್ಕೇ. ಬೋಲ್ಟ್ ಬಿಚ್ಚಿ, ಸ್ಯಾಂಡ್ ಪೇಪರ್‌ನಲ್ಲಿ ಕಬ್ಬಿಣ ಬೆಳ್ಳಗಾಗುವವರೆಗೆ ಉಜ್ಜಿ, ಬಿಗಿದು ಗ್ರೀಸ್ ಹಚ್ಚಿದೆವು. ಖರ್ಚು ಮೂವತ್ತು ರೂಪಾಯಿ ಆಗಿರಬಹುದು. ಆಮೇಲೆ ಎಷ್ಟೋ ಮಳೆ ಬಂತು, ಲೈಟ್ ಗಟ್ಟಿಯಾಗಿದೆ.

ನಮ್ಮ ಕಡಲ ಬದಿಯ ಗಾಳಿ, ಮಳೆ, ಕೆಂಪು ಮಣ್ಣು ಇಷ್ಟು ಸಾಕು, ಹಳೆ ಗಾಡಿಯ ಅರ್ತ್ ಹಾಳಾಗಲು. ಮೊದಲು ಬ್ಯಾಟರಿ ಮೈನಸ್ಸಿನಿಂದ ಲೈಟಿನ ಅರ್ತಿಗೆ ಬೇರೆ ಒಂದು ವೈರ್ ಮುಟ್ಟಿಸಿ ನೋಡಿ. ಬಲ್ಬು, ಹೋಲ್ಡರ್ ನೋಡಿ. ಏನೂ ಅಳೆಯದೆ ಪೂರ್ತಿ ವೈರಿಂಗ್ ಅಂದವನ ಹತ್ತಿರ ನಿಲ್ಲಬೇಡಿ.

ಬದಲಿಸಿದ ಹಳೆ ವೈರನ್ನೂ ಕೇಳಿ ತೆಗೆದುಕೊಳ್ಳಿ. ನಾನು ಕೇಳಿದಾಗ "ಅದು ಎಸೆದಾಯ್ತು" ಅಂದ. ಗಾಡಿ ಉದ್ದದ ತಾಮ್ರ ಯಾರಾದರೂ ಎಸೆಯುತ್ತಾರಾ?