ರೋಮನ್ ನಾಣ್ಯಗಳ ನಕಲು ಪೆಟ್ಟಿಗೆ: ಮುಖ ಸರಿ, ತೂಕ ತಪ್ಪು

ಇತಿಹಾಸ ಪಾಠಕ್ಕೆಂದು ಮೈಸೂರಿನ ಶಾಲಾ ಸಾಮಾನಿನ ಅಂಗಡಿಯೊಂದರಲ್ಲಿ ಸಿಗುತ್ತಿರುವ ಪೆಟ್ಟಿಗೆ ಇದು. ಏಳು ನಾಣ್ಯ, ಒಂದು ಕನ್ನಡ ಕೈಪಿಡಿ, ಬೆಲೆ 850 ರೂಪಾಯಿ. ನಕಲು ಎಂದೇ ಮಾರುತ್ತಾರೆ, ಬಿಲ್ಲಿನಲ್ಲೂ ಹಾಗೇ ಬರೆದುಕೊಡುತ್ತಾರೆ. ನಾಣ್ಯದ ಮೇಲೆ ಮಾತ್ರ ಆ ಗುರುತಿಲ್ಲ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್ ಕಾಲದ ಅಸಲಿ ನಾಣ್ಯಗಳು ಸಿಕ್ಕಿರುವುದರಿಂದ, ಇದೂ ಅಲ್ಲಿಯದೇ ಎಂದು ಯಾರಾದರೂ ದಾಟಿಸಿದರೆ ನಂಬುವವರಿಗೇನೂ ಬರವಿಲ್ಲ. ಅಂಚು ನೋಡಿ. ಅಸಲಿಯನ್ನು ಎರಡು ಅಚ್ಚುಗಳ ನಡುವೆ ಬಿಲ್ಲೆಯಿಟ್ಟು ಸುತ್ತಿಗೆಯಿಂದ ಹೊಡೆದು ಮಾಡುತ್ತಿದ್ದರು, ಅಂಚು ಅಲ್ಲಲ್ಲಿ ಸೀಳಿರುತ್ತದೆ. ಇವು ಎರಕದವು: ಅಂಚಿನ ಸುತ್ತ ಕೂದಲೆಳೆಯಂಥ ಗೆರೆ, ಅಕ್ಷರಗಳ ಸಂದಿಯಲ್ಲಿ ಗುಳ್ಳೆ ಒಡೆದ ತೂತು.

ದೊಡ್ಡ ದೋಷ ತೂಕದ್ದು. ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ ಏಳೂ 4 ಗ್ರಾಂ ಆಸುಪಾಸು. ರೋಮ್ ಕುಸಿದ ಕಥೆಯ ಅರ್ಧಭಾಗ ಇರುವುದೇ ತೂಕದಲ್ಲಿ! ಆಗಸ್ಟಸ್‌ನ ಡಿನೇರಿಯಸ್ ಎಂಬ ನಾಣ್ಯ ಸುಮಾರು 3.9 ಗ್ರಾಂ, ಹೆಚ್ಚುಕಡಿಮೆ ಶುದ್ಧ ಬೆಳ್ಳಿ. ನೀರೋ ಕ್ರಿ.ಶ. 64ರಲ್ಲಿ ಅದನ್ನು 3.4ಕ್ಕೆ ಇಳಿಸಿ ತಾಮ್ರ ಬೆರೆಸಿದ. 215ರಲ್ಲಿ ಕ್ಯಾರಕಲ್ಲಾ ಎರಡು ಡಿನೇರಿಯಸ್ ಬೆಲೆಯ ಹೊಸ ನಾಣ್ಯ ತಂದ. ಅದರ ತೂಕ ಎರಡರಷ್ಟಲ್ಲ, ಒಂದೂವರೆಯಷ್ಟು, ಸುಮಾರು 5 ಗ್ರಾಂ. ಸೈನಿಕರ ಸಂಬಳ ಏರುತ್ತಿತ್ತು, ಅಷ್ಟು ಬೆಳ್ಳಿ ಎಲ್ಲಿಂದ ತರುವುದು? ಗ್ಯಾಲಿಯೀನಸ್‌ನ ಕೊನೆಗಾಲಕ್ಕೆ, 268ರ ಹೊತ್ತಿಗೆ, ಅದರಲ್ಲಿ ನೂರಕ್ಕೆ 5 ಪಾಲು ಬೆಳ್ಳಿಯೂ ಉಳಿದಿರಲಿಲ್ಲ; ತಾಮ್ರದ ಮೇಲೆ ತೆಳು ಬೆಳ್ಳಿ ಲೇಪ ಅಷ್ಟೇ. ತಮಾಷೆಯೆಂದರೆ, ಪೆಟ್ಟಿಗೆಯ ನಾಣ್ಯಗಳೂ ನಾಲ್ಕು ತರಗತಿ ಕೈಬದಲಾಗುವಷ್ಟರಲ್ಲಿ ಲೇಪ ಬಿಡುತ್ತವೆ. ಆಗಸ್ಟಸ್‌ಗೆ ಅದು ಅವಮಾನ, ಗ್ಯಾಲಿಯೀನಸ್‌ಗೆ ಹೇಳಿ ಮಾಡಿಸಿದ ಹಾಗಿದೆ. ಹೊಳಪು ತರಲು ಹುಣಸೆಹಣ್ಣು ಹಾಕಿ ಉಜ್ಜಬೇಡಿ, ಇರುವುದೂ ಹೋಗುತ್ತದೆ.

ಧರ್ಮದ ವಿಷಯಕ್ಕೆ ಬಂದರೆ ಕೊನೆಯ ಎರಡು ನಾಣ್ಯಗಳಿಗಾಗಿಯೇ ಪೆಟ್ಟಿಗೆ ಕೊಳ್ಳಬಹುದು. ಕಾನ್‌ಸ್ಟಂಟೈನ್‌ನದರ ಹಿಂಬದಿಯಲ್ಲಿ ಬಲಗೈ ಎತ್ತಿ, ಎಡಗೈಯಲ್ಲಿ ಗೋಳ ಹಿಡಿದು ನಿಂತ ಸೂರ್ಯ. ಸುತ್ತ ‘ಸೋಲಿ ಇನ್ವಿಕ್ಟೊ ಕೊಮಿಟಿ’ ಎಂಬ ಬರಹ: ಜೊತೆಗಾರನಾದ, ಸೋಲರಿಯದ ಸೂರ್ಯನಿಗೆ. (ಲ್ಯಾಟಿನ್ನಿನ ‘ಸೋಲ್’ ಎಂದರೆ ಸೂರ್ಯ, ನಮ್ಮ ಸೋಲಿಗೂ ಅದಕ್ಕೂ ನಂಟಿಲ್ಲ. ಮಕ್ಕಳು ಕೇಳಿಯೇ ಕೇಳುತ್ತಾರೆ.) ಪಕ್ಕದ ಮ್ಯಾಗ್ನೆಂಟಿಯಸ್‌ನದರಲ್ಲಿ ದೇವತೆಯೇ ಇಲ್ಲ, ಕ್ರಿಸ್ತನ ಹೆಸರಿನ ಮೊದಲೆರಡು ಗ್ರೀಕ್ ಅಕ್ಷರ ಹೆಣೆದ ಚಿಹ್ನೆ ಇಡೀ ಹಿಂಬದಿಯನ್ನು ತುಂಬಿದೆ. ಎರಡಕ್ಕೂ ನಡುವೆ ಸುಮಾರು 40 ವರ್ಷ. ಎರಕವೂ ಇವೆರಡರಲ್ಲೇ ಅಚ್ಚುಕಟ್ಟು.

ಕೈಪಿಡಿಯನ್ನು ತಿದ್ದಿಕೊಂಡೇ ಓದಿಸಿ. ಕಾನ್‌ಸ್ಟಂಟೈನ್ 313ರಲ್ಲಿ ಕ್ರೈಸ್ತ ಧರ್ಮವನ್ನು ರಾಜ್ಯಧರ್ಮ ಮಾಡಿದ ಎಂದಿದೆ. ಆಗ ಸಿಕ್ಕಿದ್ದು ಪೂಜೆಯ ಸ್ವಾತಂತ್ರ್ಯ. ರಾಜ್ಯಧರ್ಮದ ಆಜ್ಞೆ 380ರಲ್ಲಿ, ಥಿಯೊಡೋಸಿಯಸ್ ಕಾಲದ್ದು. ಸೂರ್ಯನೂ ಕಾನ್‌ಸ್ಟಂಟೈನ್‌ನ ನಾಣ್ಯಗಳಲ್ಲಿ ಸುಮಾರು 325ರವರೆಗೆ ಉಳಿದಿದ್ದ. 476ಕ್ಕೆ ಸಾಮ್ರಾಜ್ಯವೇ ಮುಗಿಯಿತು ಎಂಬ ಕೊನೆಯ ಪುಟವೂ ಸರಿಯಲ್ಲ, ಮುಗಿದದ್ದು ಪಶ್ಚಿಮ ಭಾಗದ್ದು ಮಾತ್ರ. ಪೂರ್ವದವರ 4.5 ಗ್ರಾಂ ಚಿನ್ನದ ಸಾಲಿಡಸ್ ಆಮೇಲೂ ಶತಮಾನಗಟ್ಟಲೆ ಚಲಾವಣೆಯಲ್ಲಿತ್ತು, ನಮ್ಮ ಅಕ್ಕಿಆಲೂರಿನಲ್ಲೂ ಅಂಥ ಚಿನ್ನದ ನಾಣ್ಯಗಳು ಸಿಕ್ಕಿವೆ. ಪೆಟ್ಟಿಗೆಯಲ್ಲಿ ಅದರ ನಕಲು ಒಂದೂ ಇಲ್ಲ.

ಬಿಡಿಯಾಗಿ ಒಂದಕ್ಕೆ 110 ರೂಪಾಯಿ. ಆಗಸ್ಟಸ್, ಗ್ಯಾಲಿಯೀನಸ್, ಕಾನ್‌ಸ್ಟಂಟೈನ್, ಮ್ಯಾಗ್ನೆಂಟಿಯಸ್ ಈ ನಾಲ್ಕು ಸಾಕು. ಅಸಲಿ ತೂಕವನ್ನು ಚೀಟಿಯಲ್ಲಿ ಬರೆದು ಜೊತೆಗಿಡಿ.